ಆರೋಗ್ಯ ಮಾತೆಯ ನೊವೆನಾ ಮತ್ತು ಮನೆಯ ಮಕ್ಕಳು

ಆಗಸ್ಟ್ 29ಕ್ಕೆ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ಧ್ವಜ ಏರಿತೆಂದರೆ, ಸೆಪ್ಟೆಂಬರ್ 8ರಂದು ಆರೋಗ್ಯ ಮಾತೆ ಮರಿಯಮ್ಮನವರ ಹಬ್ಬದ ತೇರು ಹೊರಡುವ ತನಕ ಬೆಂಗಳೂರಿನ ಎಷ್ಟೋ ಕಥೋಲಿಕ ಮನೆಗಳಲ್ಲಿ ಬೇರೆ ಮಾತಿಲ್ಲ. ಕಾವಿ ಬಣ್ಣದ ಬಟ್ಟೆ ತೆಗೆದಿಡುವುದು, ಮೇಣದಬತ್ತಿ ತರುವುದು, ಯಾವ ಹೊತ್ತಿನ ಬಲಿಪೂಜೆಗೆ ಹೋದರೆ ನೂಕುನುಗ್ಗಲು ಕಡಿಮೆ ಎಂದು ಲೆಕ್ಕ ಹಾಕುವುದು. ಈ ಸಡಗರದಲ್ಲಿ ಅದಕ್ಕೂ ಮುಂಚಿನ ಎರಡು ದಿನ ಕಣ್ತಪ್ಪಿ ಹೋಗುತ್ತವೆ. ಆಗಸ್ಟ್ 27 ಸಂತ ಮೋನಿಕಾ ಅವರ ಸ್ಮರಣೆ, 28 ಅವರ ಮಗ ಸಂತ ಅಗಸ್ಟೀನರದು. ಮಕ್ಕಳಿರುವ ಮನೆಯವರು ನೊವೆನಾವನ್ನು, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯನ್ನು, ಇಲ್ಲಿಂದಲೇ ಶುರು ಮಾಡಿದರೆ ಒಳ್ಳೆಯದು.

ಮಗ ವಿಶ್ವಾಸ ಬಿಟ್ಟು ಬೇರೆ ಪಂಥ ಹಿಡಿದಾಗ, ಅವನೊಡನೆ ವಾದ ಮಾಡಿ ದಾರಿಗೆ ತನ್ನಿ ಎಂದು ಮೋನಿಕಾ ಒಬ್ಬ ಬಿಷಪರನ್ನು ಅಂಗಲಾಚಿದರು. ಅವರು ಒಪ್ಪಲಿಲ್ಲ. ಈಗ ಅವನನ್ನು ಅವನ ಪಾಡಿಗೆ ಬಿಡು, ಅವನಿಗಾಗಿ ಪ್ರಾರ್ಥಿಸು ಅಂದರು. ಅಗಸ್ಟೀನ್ ದೀಕ್ಷಾಸ್ನಾನ ಪಡೆದದ್ದು 387ರ ಪಾಸ್ಖ (ಈಸ್ಟರ್) ಹಬ್ಬದ ಜಾಗರಣೆಯಲ್ಲಿ, ಮಿಲಾನಿನಲ್ಲಿ, ಸಂತ ಆಂಬ್ರೋಸರ ಕೈಯಿಂದ. ಆಗ ಅವರಿಗೆ 32 ವರ್ಷ. ಮೋನಿಕಾ ಅದನ್ನು ಕಣ್ಣಾರೆ ಕಂಡು ಅದೇ ವರ್ಷ ತೀರಿಕೊಂಡರು.

ಕಾಲೇಜಿಗೆ ಹೋಗುವ ಮಗ ಭಾನುವಾರದ ಪೂಜೆ ತಪ್ಪಿಸುತ್ತಾನೆ ಎಂಬ ಕೊರಗು ಈಗ ಮನೆಮನೆಯಲ್ಲಿದೆ. ಅಲ್ಲಿ ನಡೆಯುವ ತಪ್ಪು ಬಹುತೇಕ ಒಂದೇ. ಸಂಜೆಯ ಪ್ರಾರ್ಥನೆಯಲ್ಲಿ, ಅವನು ಎದುರಿಗೆ ಕೂತಿರುವಾಗಲೇ, "ಸ್ವಾಮಿ, ಇವನಿಗೆ ಸ್ವಲ್ಪ ಬುದ್ಧಿ ಕೊಡಪ್ಪ" ಎಂದು ದೊಡ್ಡ ದನಿಯಲ್ಲಿ ಕೇಳುವುದು. ಅದು ಹೋಗುವುದು ಮಗನ ಕಿವಿಗೆ. ಸಂತ ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಕಥೆಯ ಫರಿಸಾಯನ, ಅಂದರೆ ಕಟ್ಟುನಿಟ್ಟಿನ ಧರ್ಮನಿಷ್ಠನ, ಪ್ರಾರ್ಥನೆಯ ಜಾಡೂ ಇದೇ. ವಾರಕ್ಕೆ ಎರಡು ಉಪವಾಸ, ಆದಾಯದಲ್ಲಿ ಹತ್ತನೆಯ ಒಂದು ಪಾಲು ಕಾಣಿಕೆ, ಎಲ್ಲ ಸರಿಯಾಗಿಯೇ ಇತ್ತು. ಜೊತೆಗೆ ಪಕ್ಕದವನ ತಪ್ಪಿನ ಪಟ್ಟಿಯೂ ಇತ್ತು. ಅದೇ ಕಥೆಯ ಸುಂಕ ವಸೂಲಿಯವನು ದೂರ ನಿಂತು, ತಲೆ ಎತ್ತದೆ, ಎದೆ ಬಡಿದುಕೊಂಡು ತನ್ನೊಬ್ಬನ ಪಾಪಕ್ಕೆ ಕರುಣೆ ಬೇಡಿದ. ನೀತಿವಂತನಾಗಿ ಮನೆಗೆ ಹೋದವನು ಅವನು. ದೀನತೆಯೇ ಪ್ರಾರ್ಥನೆಯ ಬುನಾದಿ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ 2559ನೇ ಪರಿಚ್ಛೇದದಲ್ಲಿ ಹೇಳುತ್ತದೆ. ಮಗನ ಹೆಸರಿನಲ್ಲಿ ಪ್ರಾರ್ಥಿಸಬೇಕೆಂದರೆ ಬೆಳಿಗ್ಗೆ ಅಡುಗೆಮನೆಯಲ್ಲಿ ಹಾಲು ಕಾಯುವ ಹೊತ್ತಿಗೆ ಮಾತೆಯ ಪ್ರಾರ್ಥನೆಯಾದ ನಮೋ ಮರಿಯ ಹತ್ತು ಸಲ ಹೇಳಿ, ಅವನಿಗೆ ತಿಳಿಸಬೇಡಿ. ಸಂಜೆ ಎಲ್ಲರೂ ಕೂಡಿದಾಗ ನಮ್ಮ ನಮ್ಮ ತಪ್ಪು ಮಾತ್ರ ಬಾಯಿಗೆ ಬರಲಿ.

ಚಿಕ್ಕ ಮಕ್ಕಳಿಗೆ ಕಲಿಸುವುದು ಶಿಲುಬೆ ಗುರುತಿನಿಂದ. ಎದುರಿಗೆ ಕೂರಿಸಿಕೊಂಡು ತೋರಿಸಿದರೆ ಕನ್ನಡಿಯಲ್ಲಿ ಕಂಡಂತೆ ಮಗು ಎಡಗೈ ಎತ್ತುತ್ತದೆ, ಇಲ್ಲವೇ ಬಲ ಭುಜಕ್ಕೆ ಮೊದಲು ಹೋಗುತ್ತದೆ. ಆಮೇಲೆ ತಿದ್ದುವುದು ಕಷ್ಟ. ಮಗುವಿನ ಹಿಂದೆ ಮಂಡಿಯೂರಿ, ಅದರ ಬಲಗೈಯನ್ನು ನಿಮ್ಮ ಕೈಯಲ್ಲಿ ಹಿಡಿದು ನಡೆಸಿ: ಪಿತನ ಎನ್ನುವಾಗ ಹಣೆ, ಸುತನ ಎನ್ನುವಾಗ ಎದೆ, ಪವಿತ್ರಾತ್ಮರ ಎನ್ನುವಾಗ ಎಡ ಭುಜದಿಂದ ಬಲಕ್ಕೆ. ಕೈ ಭುಜ ಮುಟ್ಟುವ ತನಕ ಮಾತು ಮುಗಿಯಬಾರದು. ನೊಣ ಓಡಿಸಿದ ಹಾಗೆ ಗುರುತು ಹಾಕುವ ಮಕ್ಕಳೆಲ್ಲ ಅದನ್ನು ಕಲಿತದ್ದು ದೊಡ್ಡವರನ್ನು ನೋಡಿಯೇ.

ಮಣಿ ಎಣಿಸುತ್ತ ಹೇಳುವ ಜಪಸರದ ವಿಷಯದಲ್ಲಿ ಉತ್ಸಾಹವೇ ಮುಳುವಾಗುತ್ತದೆ. ಯೇಸು ಮತ್ತು ಮಾತೆಯ ಬದುಕಿನ ಒಂದೊಂದು ಘಟನೆ ನೆನೆಯುವ ಐದು ರಹಸ್ಯ ಪೂರ್ತಿ ಹೇಳಲು 20 ನಿಮಿಷ ಬೇಕು. ನಾಲ್ಕು ವರ್ಷದ ಮಗುವನ್ನು ಅಷ್ಟು ಹೊತ್ತು ಕೂರಿಸಿದರೆ ಮೂರನೆಯದಕ್ಕೆ ತೂಕಡಿಕೆ, ನಾಲ್ಕನೆಯದಕ್ಕೆ ಗದರಿಕೆ. ಜಪಸರ ಎಂದರೆ ಬೈಗುಳ ಎಂದು ಅದರ ಮನಸ್ಸಲ್ಲಿ ಕೂತುಬಿಡುತ್ತದೆ. ಐದಾರು ವರ್ಷದವರೆಗೆ ಒಂದೇ ರಹಸ್ಯ ಸಾಕು: ಪ್ರಭು ಕಲಿಸಿದ ಪ್ರಾರ್ಥನೆ ಒಂದು, ನಮೋ ಮರಿಯ ಹತ್ತು, ಕೊನೆಗೆ ಪಿತ ಸುತ ಪವಿತ್ರಾತ್ಮರಿಗೆ ಮಹಿಮೆ. ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಸೋಮವಾರ, ಶನಿವಾರ ಸಂತೋಷದ ರಹಸ್ಯ. ಮಂಗಳವಾರ, ಶುಕ್ರವಾರ ದುಃಖದ್ದು. ಬುಧವಾರ, ಭಾನುವಾರ ಮಹಿಮೆಯದು. ಗುರುವಾರ, ಪೋಪ್ ಎರಡನೇ ಜಾನ್ ಪಾಲ್ 2002ರಲ್ಲಿ ಸೇರಿಸಿದ ಬೆಳಕಿನ ರಹಸ್ಯ. ಆ ದಿನದ ಐದರಲ್ಲಿ ಒಂದನ್ನು ಆರಿಸಿ, ಏನು ನಡೆಯಿತೆಂದು ಎರಡು ಮಾತಲ್ಲಿ ಹೇಳಿ ಶುರು ಮಾಡಿ. ಮಗುವಿಗೆ ಏಳು ತುಂಬಿದ ಮೇಲೆ ಮುನ್ನಡೆಸಲು ಬಿಡಿ. ಹತ್ತರ ಬದಲು ಒಂಬತ್ತೋ ಹನ್ನೊಂದೋ ಆದರೆ ನಡುವೆ ತಡೆದು ತಿದ್ದಬೇಡಿ.

ಅಪ್ಪ ಕೆಲಸ ಮುಗಿಸಿ ಟ್ರಾಫಿಕ್ ದಾಟಿ ಮನೆ ಸೇರುವುದು ಒಂಬತ್ತೂವರೆಗೆ, ಅದು ಈ ಊರಿನ ಕಥೆ. ಅವರಿಗಾಗಿ ಮಕ್ಕಳನ್ನು ನಿದ್ದೆಗೆಡಿಸಬೇಕಿಲ್ಲ. ಅಮ್ಮನೋ ಅಜ್ಜಿಯೋ ಏಳೂವರೆಗೆ ಟಿವಿ ಆರಿಸಿ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಪ್ರಾರ್ಥನೆ ಮುಗಿಸಲಿ. ಅಪ್ಪ ಬಂದವರು ಮಲಗಿದ ಮಗುವಿನ ಹಣೆಗೆ ಹೆಬ್ಬೆರಳಿನಲ್ಲಿ ಶಿಲುಬೆ ಗುರುತು ಹಾಕಲಿ. ದೀಕ್ಷಾಸ್ನಾನದ ದಿನ ಗುರುಗಳ ನಂತರ ತಂದೆತಾಯಿ ಹಾಕಿದ ಗುರುತು ಅದೇ. ಭಾಷೆಯ ಗೊಂದಲವೂ ಇದೆ: ಶಾಲೆಯಲ್ಲಿ ಇಂಗ್ಲಿಷ್, ಅಜ್ಜಿಯದು ಕನ್ನಡ, ಪಕ್ಕದ ಮನೆಯಲ್ಲಿ ತಮಿಳು ಅಥವಾ ಕೊಂಕಣಿ. ಮಗುವನ್ನು ಮುದ್ದಿಸುವುದು, ಗದರುವುದು ಯಾವ ಭಾಷೆಯಲ್ಲೋ ಮನೆಯ ಪ್ರಾರ್ಥನೆ ಅದರಲ್ಲೇ ಇರಲಿ. ಶಾಲೆಯದನ್ನು ಶಾಲೆ ಕಲಿಸುತ್ತದೆ.

ಮಕ್ಕಳ ಸ್ವಂತ ಪ್ರಾರ್ಥನೆ ಬೇಡಿಕೆಯಿಂದಲೇ ಶುರುವಾಗುತ್ತದೆ, ಸೈಕಲ್ಲು, ಮಾರ್ಕ್ಸು. ಅದನ್ನು ಬೈಯುವುದು ಬೇಡ, ಸರದಿಯಲ್ಲಿ ಕೊನೆಗಿಡಿ. ಮೊದಲು ಇವತ್ತು ಸಿಕ್ಕ ಒಂದು ಒಳ್ಳೆಯದಕ್ಕೆ ವಂದನೆ, ಆಮೇಲೆ ಒಂದು ತಪ್ಪಿಗೆ ಕ್ಷಮೆ, ಆಮೇಲೆ ಬೇರೆಯವರಿಗಾಗಿ ಒಂದು ಬೇಡಿಕೆ, ಕೊನೆಗೆ ತನಗಾಗಿ. ಕ್ಷಮೆಯ ಸರದಿ ಬಂದಾಗ ದೊಡ್ಡವರೇ ಮೊದಲು ಬಾಯಿ ಬಿಡಬೇಕು. "ದೇವರೇ, ಬೆಳಿಗ್ಗೆ ಸ್ಕೂಲ್ ವ್ಯಾನಿಗೆ ಹೊತ್ತಾಯಿತೆಂದು ಮಗಳ ಮೇಲೆ ಕಿರುಚಿದೆ, ಕ್ಷಮಿಸಪ್ಪ" ಎಂದು ಅಮ್ಮ ಹೇಳಿದ ಮನೆಯಲ್ಲಿ ಮಗಳಿಗೆ ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಯ ಹೆದರಿಕೆ ಅರ್ಧ ಇಳಿದಿರುತ್ತದೆ. ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದವನ್ನು ಮೊದಲ ಸಲ ಸ್ವೀಕರಿಸುವ ಮುಂಚೆ ಪಾಪನಿವೇದನೆ ಆಗಲೇಬೇಕು. ಬಿಳಿ ಬಟ್ಟೆ, ಹಾಲ್, ಕೇಕು, ಫೋಟೋ ಎಂಬ ಓಡಾಟದಲ್ಲಿ ಹೆಚ್ಚು ಸೊರಗುವುದು ಈ ಸಿದ್ಧತೆಯೇ, ಅದು ನೋವಿನ ಸಂಗತಿ. "ಸುಳ್ಳು ಹೇಳಿದರೆ ದೇವರು ಕಣ್ಣು ಕೀಳ್ತಾನೆ" ಎಂಬ ಮಾತು ಯಾವ ಮನೆಯಲ್ಲೂ ಬೇಡ. ಹೆದರಿದ ಮಗು ತಪ್ಪನ್ನು ಬಚ್ಚಿಡುತ್ತದೆ.

ಇನ್ನು ಬಸಿಲಿಕಾಕ್ಕೆ ಹೋಗುವ ದಿನ. ಈಗಿನ ಕಟ್ಟಡ 1882ರ ಸೆಪ್ಟೆಂಬರ್ 8ರಂದು, ಮಾತೆಯ ಜನನದ ಹಬ್ಬದಂದೇ ಪ್ರತಿಷ್ಠೆಯಾದದ್ದು. ಕೊನೆಯ ದಿನ ರಸೆಲ್ ಮಾರ್ಕೆಟ್ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಕೈಗೂಸಿದ್ದವರು ನೊವೆನಾದ ನಡುವಿನ ದಿನ, ಬೆಳಗಿನ ಪೂಜೆಗೆ ಹೋಗುವುದು ಲೇಸು. ಮೇಣದಬತ್ತಿ ಹಚ್ಚುವ ಕಡೆ ನೈಲಾನ್ ಫ್ರಾಕು, ಉದ್ದ ದುಪಟ್ಟಾ ಬೇಡ, ಹತ್ತಿ ಬಟ್ಟೆ ಇರಲಿ. ಅಪ್ಪನ ಫೋನ್ ನಂಬರ್ ಬರೆದ ಚೀಟಿ ಮಗುವಿನ ಜೇಬಲ್ಲಿರಲಿ. ಪರಮಪ್ರಸಾದ ಸ್ವೀಕರಿಸುವ ಮಕ್ಕಳು ಅದಕ್ಕೆ ಒಂದು ಗಂಟೆ ಮುಂಚಿನಿಂದ ಏನೂ ತಿನ್ನಬಾರದು. ನೀರು, ಔಷಧಿಗೆ ಅಡ್ಡಿಯಿಲ್ಲ. ಸುಮ್ಮನಿರಲಿ ಎಂದು ಆಟೋದಲ್ಲಿ ಕೊಟ್ಟ ಚಾಕೊಲೇಟಿನಿಂದ ತಪ್ಪುವ ನಿಯಮ ಇದು. ಒಳಗೆ ಹೋದಾಗ ಸೀರೆಯುಟ್ಟ ಮಾತೆಯ ಕೈಯಲ್ಲಿರುವ ಬಾಲಯೇಸುವನ್ನು ಮೊದಲು ತೋರಿಸಿ. ಬೇಡುವುದು ಅಮ್ಮನ ಮೂಲಕ, ಕೊಡುವವನು ಆ ಮಗ.

ಹರಕೆಯ ಬಗ್ಗೆ ತಿಳಿದಿರಬೇಕಾದ್ದು ಬಹಳ ಇದೆ. ಧರ್ಮಸಭೆಯ ಕಾನೂನಿನ ಪ್ರಕಾರ (ವಿಧಿ 1191) ಹರಕೆ ಎಂದರೆ ಯೋಚಿಸಿ, ಸ್ವಂತ ಇಚ್ಛೆಯಿಂದ ದೇವರಿಗೆ ಕೊಟ್ಟ ಮಾತು. ಮಾಡಲು ಸಾಧ್ಯವಿರುವ ಒಳಿತಿಗೆ ಮಾತ್ರ ಹರಕೆ. ಅನ್ಯಾಯವಾಗಿ ತೀವ್ರವಾಗಿ ಹೆದರಿಸಿ ಮಾಡಿಸಿದ ಹರಕೆ ನಿಲ್ಲುವುದಿಲ್ಲ. ಹೊತ್ತವರನ್ನು ಬಿಟ್ಟು ಬೇರಾರನ್ನೂ ಅದು ಕಟ್ಟಿಹಾಕುವುದಿಲ್ಲ ಎನ್ನುತ್ತದೆ ವಿಧಿ 1193. ಅಮ್ಮ ಹೊತ್ತ ಹರಕೆ ಅಮ್ಮನದು. ಹದಿಮೂರರ ಮಗಳನ್ನು "ನಿನ್ನ ಹೆಸರಲ್ಲಿ ಹೊತ್ತಿದ್ದೇನೆ" ಎಂದು ತಲೆ ಬೋಳಿಸಲು ಒತ್ತಾಯಿಸುವ ಹಾಗಿಲ್ಲ. ಪರೀಕ್ಷೆಯಲ್ಲಿ ತೊಂಬತ್ತು ಬಂದರೆ ಇಷ್ಟು ಮೇಣದಬತ್ತಿ ಎಂದು ಮಕ್ಕಳಿಂದ ಹೇಳಿಸುವುದೂ ಬೇಡ. ಎಂಬತ್ತು ಬಂದರೆ ದೇವರು ಸೋತ ಎಂಬ ಪಾಠ ಅದರಲ್ಲಿದೆ. ಹರಕೆ ತೀರಿಸಲಾಗದೆ ಹೋದವರು, ಬರಿಗಾಲಲ್ಲಿ ಬರುತ್ತೇನೆಂದು ಹೇಳಿ ಈಗ ಮಂಡಿ ನೋವಿನಿಂದ ಏಳಲಾಗದ ಅಜ್ಜಿಯಂಥವರು, ವರ್ಷಗಟ್ಟಲೆ ಅಳುಕಿಕೊಂಡು ಕೂರಬೇಕಿಲ್ಲ. ಅದಕ್ಕೆ ಸಮನಾದ ಅಥವಾ ಮಿಗಿಲಾದ ಸತ್ಕಾರ್ಯಕ್ಕೆ ಹರಕೆಯನ್ನು ತಾವೇ ಬದಲಿಸಿಕೊಳ್ಳಬಹುದು. ಅದೂ ಆಗದಿದ್ದರೆ ತಮ್ಮ ಧರ್ಮಕೇಂದ್ರದ ಗುರುಗಳ ಬಳಿ ಹೇಳಿಕೊಂಡರಾಯಿತು, ತಕ್ಕ ಕಾರಣವಿದ್ದರೆ ಹರಕೆಯಿಂದ ಬಿಡಿಸುವ ಅಥವಾ ಹಗುರವಾದುದಕ್ಕೆ ಬದಲಿಸಿಕೊಡುವ ಅಧಿಕಾರ ಅವರಿಗಿದೆ.