ಕೋಶಕೇಂದ್ರದ ಅಳತೆ ಮತ್ತು ಕಕ್ಕಡದ ಮಳೆ

ಮಡಿಕೇರಿಯ ಪ್ರಯೋಗಾಲಯವೊಂದರಲ್ಲಿ ರಕ್ತದ ಸ್ಮಿಯರ್, ಅಂದರೆ ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಎಳೆದ ರಕ್ತದ ಪದರ, ನೋಡುವುದು ನನ್ನ ವೃತ್ತಿ. ಹಾಗಾಗಿ ಕಂಪ್ಯೂಟರಿನ ಚಿತ್ರ ವಿಶ್ಲೇಷಣೆಯಿಂದ ಲ್ಯುಕೇಮಿಯಾದ, ಅಂದರೆ ರಕ್ತದ ಕ್ಯಾನ್ಸರಿನ, ಉಪವಿಧಗಳನ್ನು ಗುರುತಿಸಬಹುದು ಎಂದು ಯಾರಾದರೂ ಹೇಳಿದರೆ, ಆ ಸ್ಲೈಡ್ ಎಲ್ಲಿ, ಹೇಗೆ ಒಣಗಿತ್ತು ಎಂದು ನಾನು ಮೊದಲು ಕೇಳುತ್ತೇನೆ.

1976ರಲ್ಲಿ ಫ್ರಾನ್ಸ್, ಅಮೆರಿಕ ಮತ್ತು ಬ್ರಿಟನ್ನಿನ ತಜ್ಞರು ರೂಪಿಸಿದ ಎಫ್‌ಎಬಿ ವರ್ಗೀಕರಣವು ಬಹುಮಟ್ಟಿಗೆ ಕಣ್ಣಿಗೆ ಕಾಣುವ ಲಕ್ಷಣಗಳನ್ನೇ ನೆಚ್ಚಿಕೊಂಡಿತ್ತು. ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಎಲ್1 ವಿಧದಲ್ಲಿ ಬ್ಲಾಸ್ಟ್ ಕೋಶಗಳು (ಬಲಿಯದ ಬಿಳಿ ರಕ್ತಕೋಶಗಳು) ಚಿಕ್ಕದಾಗಿ ಒಂದೇ ಸಮನಾಗಿರುತ್ತವೆ, ಕೋಶಕೇಂದ್ರ ದುಂಡಗಿರುತ್ತದೆ. ಎಲ್2ರಲ್ಲಿ ಕೋಶಗಳ ಗಾತ್ರ ಹೆಚ್ಚುಕಡಿಮೆಯಾಗಿ, ಕೋಶಕೇಂದ್ರದ ಅಂಚಿನಲ್ಲಿ ಸೀಳು ಕಾಣಿಸಿ, ಅದರೊಳಗಿನ ಚುಕ್ಕೆಯಂತಹ ನ್ಯೂಕ್ಲಿಯೋಲಸ್ ಎದ್ದು ತೋರುತ್ತದೆ. ಓದಲು ಇದು ಸುಲಭ. ಆದರೆ ಒಂದೇ ಸ್ಲೈಡನ್ನು ನೋಡಿದ ಇಬ್ಬರು ಅನುಭವಿಗಳು ಎಲ್1, ಎಲ್2 ವಿಷಯದಲ್ಲಿ ಒಮ್ಮತಕ್ಕೆ ಬಾರದಿರುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವು ಮುಂದೆ ಈ ಭೇದವನ್ನೇ ಕೈಬಿಟ್ಟಿತು.

ಕಂಪ್ಯೂಟರ್ ಇಂತಹ ವರ್ಣನೆಗಳನ್ನು ಸಂಖ್ಯೆಗಳಾಗಿ ಮಾಡುತ್ತದೆ. ಲೀಶ್ಮನ್ ಬಣ್ಣ ಹಾಕಿದ ಸ್ಲೈಡಿನಲ್ಲಿ ಕೋಶಕೇಂದ್ರವು ಉಳಿದೆಲ್ಲದಕ್ಕಿಂತ ಗಾಢ ನೇರಳೆಯಾಗಿರುವುದರಿಂದ, ಚಿತ್ರದ ಬಿಂದುಗಳನ್ನು ಗಾಢ ಮತ್ತು ತಿಳಿ ಎಂದು ಎರಡು ಪಾಲು ಮಾಡುವ ಗಡಿಯನ್ನು ಮೊದಲು ಕಂಡುಕೊಳ್ಳಬೇಕು. 1979ರಲ್ಲಿ ಜಪಾನಿನ ನೊಬುಯುಕಿ ಓಟ್ಸು ಪ್ರಕಟಿಸಿದ ವಿಧಾನ ಇದಕ್ಕೆ ಇಂದಿಗೂ ಬಳಕೆಯಲ್ಲಿದೆ. ಹೀಗೆ ಬಿಡಿಸಿದ ಕೋಶಕೇಂದ್ರದ ವಿಸ್ತೀರ್ಣವನ್ನು 4π ಯಿಂದ ಗುಣಿಸಿ, ಸುತ್ತಳತೆಯ ವರ್ಗದಿಂದ ಭಾಗಿಸಿದರೆ ಪೂರ್ಣ ವೃತ್ತಕ್ಕೆ 1 ಬರುತ್ತದೆ, ಅಂಚು ಅಂಕುಡೊಂಕಾದಷ್ಟೂ ಬೆಲೆ ಇಳಿಯುತ್ತದೆ. ಕೋಶಕೇಂದ್ರದ ಸುತ್ತ ಬಿಗಿಯಾಗಿ ಒಂದು ದಾರ ಕಟ್ಟಿದಂತೆ ಭಾವಿಸಿ, ದಾರದೊಳಗಿನ ಜಾಗದಲ್ಲಿ ಎಷ್ಟು ಪಾಲು ನಿಜಕ್ಕೂ ಕೋಶಕೇಂದ್ರವಿದೆ ಎಂದು ಲೆಕ್ಕ ಹಾಕಿದರೆ ಸೀಳಿನ ಆಳವೂ ತಿಳಿಯುತ್ತದೆ. ಕೋಶಕೇಂದ್ರದೊಳಗಿನ ಡಿಎನ್ಎ ಇರುವ ವಸ್ತು, ಕ್ರೊಮಾಟಿನ್, ನಯವಾಗಿದೆಯೇ, ಗಂಟುಗಂಟಾಗಿದೆಯೇ ಎಂಬುದನ್ನು ಅಕ್ಕಪಕ್ಕದ ಬಿಂದುಗಳ ಛಾಯೆ ಎಷ್ಟು ಬಾರಿ ಹೇಗೆ ಬದಲಾಗುತ್ತದೆ ಎಂಬ ಎಣಿಕೆಯಿಂದ ಅಳೆಯುತ್ತಾರೆ.

ಇಷ್ಟೆಲ್ಲ ಸೂಕ್ಷ್ಮ ಅಳತೆ ನಿಂತಿರುವುದು ಸ್ಮಿಯರ್ ಸರಿಯಾಗಿದ್ದರೆ ಮಾತ್ರ. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ಇನ್ನು ಸ್ಲೈಡಿನ ಪಾಡು ಹೇಳಬೇಕಾಗಿಲ್ಲ. ನಿಧಾನವಾಗಿ ಒಣಗಿದ ಸ್ಮಿಯರಿನಲ್ಲಿ ಕೋಶಗಳು ಮುದುಡುತ್ತವೆ. ಸ್ಮಿಯರನ್ನು ಸ್ಥಿರಗೊಳಿಸುವ ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಂಡರೆ ಕೆಂಪು ಕಣಗಳಲ್ಲಿ ತೂತು ಬಿದ್ದಂತೆ ಕಾಣುತ್ತದೆ, ಕ್ರೊಮಾಟಿನ್ನಿನ ವಿವರ ಮಸುಕಾಗುತ್ತದೆ. ಬಣ್ಣದೊಂದಿಗೆ ಬಳಸುವ ಬಫರ್ ದ್ರಾವಣದ ಪಿಎಚ್ 6.8ರಿಂದ ಕ್ಷಾರದತ್ತ ಸರಿದರೆ ಎಲ್ಲವೂ ನೀಲಿಗೆ ತಿರುಗಿ, ಕೋಶದ್ರವ್ಯವನ್ನೂ ಕೋಶಕೇಂದ್ರವೆಂದೇ ಎಣಿಸಿದ ಯಂತ್ರವು ದೊಡ್ಡ ಅಳತೆ ಕೊಡುತ್ತದೆ. ಸ್ಮಿಯರಿನ ದಪ್ಪ ಭಾಗದಲ್ಲಂತೂ ಎಂತಹ ಬ್ಲಾಸ್ಟ್ ಕೋಶವಾದರೂ ಚಿಕ್ಕದಾಗಿ, ದುಂಡಗೆ ಕಾಣುತ್ತದೆ. ಯಂತ್ರ ಇದಾವುದನ್ನೂ ಅನುಮಾನಿಸುವುದಿಲ್ಲ, ಬಂದ ಚಿತ್ರವನ್ನು ನಿಷ್ಠೆಯಿಂದ ಅಳೆದುಬಿಡುತ್ತದೆ. ಹೀಗಾಗಿ ಹೊಸ ಕ್ಯಾಮೆರಾಕ್ಕಿಂತ ಮೊದಲು ಟೇಬಲ್ ಫ್ಯಾನ್ ಬೇಕೆಂಬುದು ನನ್ನ ವಾದ.

ನಮ್ಮಂತಹ ಜಿಲ್ಲೆಗೆ ಈ ತಂತ್ರದಿಂದ ನಿಜವಾದ ಪ್ರಯೋಜನ ಇರುವುದು ಪ್ರೊಮೈಲೋಸೈಟಿಕ್ ಲ್ಯುಕೇಮಿಯಾದಲ್ಲಿ, ಅಂದರೆ ಎಫ್‌ಎಬಿಯ ಎಂ3ರಲ್ಲಿ. 15 ಮತ್ತು 17ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಹುಟ್ಟುವ ಈ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಕೆಟ್ಟು, ಚಿಕಿತ್ಸೆ ತಡವಾದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ರೋಗಿ ಕೆಲವೇ ದಿನಗಳಲ್ಲಿ ಸಾಯಬಹುದು. ಎ ಜೀವಸತ್ವದಿಂದ ಬಂದ ಎಟಿಆರ್‌ಎ ಎಂಬ ಔಷಧವನ್ನು ಜೀನ್ ಪರೀಕ್ಷೆಯ ವರದಿಗೆ ಕಾಯದೆ, ಗುಮಾನಿ ಬಂದ ಕೂಡಲೇ ಆರಂಭಿಸಬೇಕೆಂಬ ನಿಯಮವಿರುವುದು ಇದೇ ಕಾರಣಕ್ಕೆ. ಸಾಮಾನ್ಯ ಎಂ3ರಲ್ಲಿ ಕೋಶದ್ರವ್ಯದ ತುಂಬ ಕಣಗಳೂ, ಕಟ್ಟುಕಟ್ಟಾಗಿ ಸೂಜಿಯಂತಹ ಆಯರ್ ಕಡ್ಡಿಗಳೂ ಇರುವುದರಿಂದ ಕಣ್ಣೇ ಸಾಕು. ಮೈಕ್ರೊಗ್ರಾನ್ಯುಲರ್ ಬಗೆಯಲ್ಲಿ ಕಣಗಳು ಸಾಧಾರಣ ಸೂಕ್ಷ್ಮದರ್ಶಕಕ್ಕೆ ಸಿಗುವುದೇ ಇಲ್ಲವೆನ್ನಬಹುದು, ಅದನ್ನು ಬೇರೊಂದು ವಿಧವಾದ ಮಾನೊಸೈಟಿಕ್ ಲ್ಯುಕೇಮಿಯಾ ಎಂದು ಭಾವಿಸುವ ಅಪಾಯವಿದೆ. ಅಲ್ಲಿ ಉಳಿಯುವ ಮುಖ್ಯ ಸುಳಿವು ಕೋಶಕೇಂದ್ರದ ಆಕಾರ: ನಡುವೆ ಕಿರಿದಾದ ಸೇತುವೆಯಿದ್ದು ಎರಡು ಹಾಲೆಗಳಾಗಿ ಮಡಚಿದ ರೂಪ. ನೂರಾರು ಕೋಶಗಳಲ್ಲಿ ಎಷ್ಟಕ್ಕೆ ಹೀಗೆ ಎರಡು ಹಾಲೆಗಳಿವೆ ಎಂದು ಬೇಸರವಿಲ್ಲದೆ ಎಣಿಸುವ ಕೆಲಸ ಯಂತ್ರಕ್ಕೆ ಹೇಳಿಮಾಡಿಸಿದ್ದು.

ಬಿ ಮತ್ತು ಟಿ ಲಿಂಫೋಬ್ಲಾಸ್ಟಿಕ್ ವಿಧಗಳನ್ನು ಕೋಶಕೇಂದ್ರದ ರೂಪದಿಂದಷ್ಟೇ ನಂಬುವಂತೆ ಬೇರ್ಪಡಿಸಲು ಬಾರದು; ಅದಕ್ಕೆ ಕೋಶಗಳ ಪ್ರೋಟೀನ್ ಗುರುತುಗಳನ್ನು ಲೇಸರಿನಿಂದ ಓದುವ ಫ್ಲೋ ಸೈಟೋಮೆಟ್ರಿ ಬೇಕು. ಕೆಲವು ಲ್ಯುಕೇಮಿಯಾಗಳಲ್ಲಿ ಕಾಣುವ, ಫಿಲಡೆಲ್ಫಿಯಾ ಎಂದು ಹೆಸರಾದ ಬದಲಾದ ಕ್ರೋಮೋಸೋಮನ್ನು ಗುರುತಿಸಲು ಜೀನ್ ಪರೀಕ್ಷೆಯೇ ಗತಿ. ಪ್ರಬಂಧಗಳಲ್ಲಿ ಕಾಣುವ ಭಾರೀ ನಿಖರತೆಯನ್ನು ಓದುವಾಗಲೂ, ಒಬ್ಬನೇ ರೋಗಿಯ ಕೋಶಗಳು ಯಂತ್ರದ ಕಲಿಕೆಗೂ ಅದರ ಪರೀಕ್ಷೆಗೂ ಹಂಚಿಹೋಗಿವೆಯೇ ಎಂದು ನೋಡಬೇಕು. ಮ್ಯೂನಿಕ್‌ನಿಂದ 2019ರಲ್ಲಿ ಹೊರಬಂದ ಸಂಗ್ರಹದಲ್ಲಿ 18,000ಕ್ಕೂ ಹೆಚ್ಚು ಕೋಶಗಳ ಚಿತ್ರಗಳಿವೆ. ಆದರೆ ಅವೆಲ್ಲ ಬಂದದ್ದು 200 ಜನರ ರಕ್ತದಿಂದಷ್ಟೇ, ಅವರಲ್ಲಿ ಅರ್ಧದಷ್ಟು ಜನ ಲ್ಯುಕೇಮಿಯಾ ಇಲ್ಲದವರು.

ಹೆಚ್ಚಿನ ಪರೀಕ್ಷೆಗೆ ರಕ್ತ ಕಳುಹಿಸುವ ಮೈಸೂರಿಗೆ ಇಲ್ಲಿಂದ ಸುಮಾರು 120 ಕಿಲೋಮೀಟರ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ಗಂಟೆಗಟ್ಟಲೆ ಕುಳಿತ ರಕ್ತದಲ್ಲಿ ಕೋಶಕೇಂದ್ರಗಳು ತಾವಾಗಿಯೇ ಹಾಲೆಯೊಡೆಯುತ್ತವೆ, ನಾವು ಹುಡುಕುತ್ತಿರುವ ಲಕ್ಷಣವನ್ನು ಸುಳ್ಳಾಗಿ ತೋರಿಸುತ್ತವೆ. ಆದ್ದರಿಂದ ರಕ್ತ ತೆಗೆದ ಒಂದೆರಡು ಗಂಟೆಯೊಳಗೆ ಸ್ಮಿಯರನ್ನು ಇಲ್ಲೇ ಎಳೆದು, ಫ್ಯಾನಿನ ಕೆಳಗೆ ಒಣಗಿಸಿ, ಹೊಸದಾಗಿ ತೆರೆದ ಮೆಥನಾಲಿನಲ್ಲಿ ಅದ್ದಿ, ಟ್ಯೂಬಿನ ಜೊತೆಗೆ ಆ ಸ್ಲೈಡನ್ನೂ ಅದರ ಚಿತ್ರಗಳನ್ನೂ ಕಳುಹಿಸಬೇಕು.