ಇಷ್ಟೊಂದು ಕಲ್ಲುಗಳ ನಡುವೆ ಆ ಒಂದು ಕಲ್ಲು ಹೇಗೆ ಕಾಣಿಸುತ್ತದೆ?

ನನ್ನ ಜೊತೆ ಸರೋವರದ ದಂಡೆಗೆ ಬಂದವರು ಅರ್ಧ ಗಂಟೆಯೊಳಗೆ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಇಬ್ಬರೂ ನಡೆದದ್ದು ಒಂದೇ ಜಾಗದಲ್ಲಿ. ನನ್ನ ಚೀಲದಲ್ಲಿ ನಾಲ್ಕು ಅಗೇಟ್‌ಗಳಿರುತ್ತವೆ (ಒಳಗೆ ಪಟ್ಟೆಪಟ್ಟೆ ಪದರಗಳಿರುವ, ಬೆಳಕು ಹಾಯುವ ಕಲ್ಲು ಅದು), ಅವರ ಕೈ ಖಾಲಿ. ಕೇಳುವ ದನಿಯಲ್ಲಿ ಸಣ್ಣ ಅನುಮಾನವೂ ಇರುತ್ತದೆ, ನಾನೇ ಮನೆಯಿಂದ ತಂದು ಉದುರಿಸಿ ಹೆಕ್ಕಿಕೊಂಡೆನೇನೋ ಎಂಬಂತೆ.

ನನ್ನ ಉತ್ತರ ಹೆಚ್ಚಿನವರಿಗೆ ರುಚಿಸುವುದಿಲ್ಲ. ಅಗೇಟ್ ಹುಡುಕುವುದನ್ನು ಸದ್ಯಕ್ಕೆ ಬಿಡಿ, ಅಲ್ಲಿ ರಾಶಿ ಬಿದ್ದಿರುವ ಸಾಮಾನ್ಯ ಕಲ್ಲುಗಳ ಪರಿಚಯ ಮಾಡಿಕೊಳ್ಳಿ ಎನ್ನುತ್ತೇನೆ. ಬೀದಿಯವರೆಲ್ಲ ಪರಿಚಯವಿದ್ದರೆ ಹೊಸಬರು ಬಂದದ್ದು ತಾನಾಗಿಯೇ ತಿಳಿಯುತ್ತದಲ್ಲ, ಹಾಗೆ.

ಅಮೆರಿಕದ ಸುಪೀರಿಯರ್ ಸರೋವರದ ದಂಡೆಯನ್ನೇ ನೋಡಿ. ಅಲ್ಲಿ ಕಾಲಿಗೆ ಸಿಗುವುದರಲ್ಲಿ ಬಹುಪಾಲು ಕಪ್ಪು ಬಸಾಲ್ಟ್, ಇಟ್ಟಿಗೆ ಬಣ್ಣದ ರಯೋಲೈಟ್, ಚುಕ್ಕೆಚುಕ್ಕೆಯ ಗ್ರಾನೈಟ್, ಬಿಳಿಯ ಬೆಣಚುಕಲ್ಲು. ಈ ನಾಲ್ಕನ್ನು ಗುರುತಿಸಲು ಒಂದು ದಿನ ಸಾಕು. ಅದರಲ್ಲೂ ಬಸಾಲ್ಟಿನ ಮೇಲೆ ಸಾಸಿವೆಯಿಂದ ಗೋಲಿಯಷ್ಟು ದೊಡ್ಡ ಗುಳಿಗಳಿದ್ದರೆ ಅಲ್ಲಿಯೇ ಕುಳಿತು ನೋಡಬೇಕು, ಏಕೆಂದರೆ ಅಗೇಟ್ ಹುಟ್ಟಿದ ಮನೆ ಅದು. ಸುಮಾರು 110 ಕೋಟಿ ವರ್ಷಗಳ ಹಿಂದೆ ಆ ಭಾಗದಲ್ಲಿ ಭೂಮಿ ಬಿರಿದು ಲಾವಾ ಹರಿಯಿತು. ಲಾವಾ ಆರಿ ಬಸಾಲ್ಟ್ ಆಗುವಾಗ ಅನಿಲದ ಗುಳ್ಳೆಗಳು ಒಳಗೇ ಸಿಕ್ಕಿಕೊಂಡವು. ಆಮೇಲೆ ಸಿಲಿಕಾ, ಅಂದರೆ ಬೆಣಚುಕಲ್ಲಿನ ಮೂಲವಸ್ತು, ಕರಗಿದ ನೀರು ಆ ಪೊಳ್ಳುಗಳಿಗೆ ಇಳಿದು, ಪದರದ ಮೇಲೆ ಪದರ ಕಟ್ಟಿತು. ನೀರಿನಲ್ಲಿದ್ದ ಕಬ್ಬಿಣ ಕೆಂಪು, ಕಿತ್ತಳೆ ಬಣ್ಣ ಕೊಟ್ಟಿತು. ಸುತ್ತಲಿನ ಬಸಾಲ್ಟ್ ಸವೆದು ಹೋದರೂ ಒಳಗಿನ ಗಟ್ಟಿ ಉಂಡೆ ಉಳಿಯಿತು. ಕಡೆಗೆ ಹಿಮನದಿಗಳು ಅದನ್ನು ಉಜ್ಜಿ, ಉರುಳಿಸಿ, ನೂರಾರು ಕಿಲೋಮೀಟರ್ ದೂರದವರೆಗೂ ಚೆಲ್ಲಿದವು.

ಇಷ್ಟು ತಿಳಿದ ಮೇಲೆ ಬೆಳಕಿನ ಮಾತು. ಬೆಳಿಗ್ಗೆ ಅಥವಾ ಸಂಜೆ, ಸೂರ್ಯ ಕೆಳಗಿರುವಾಗ, ಅವನಿಗೆ ಮುಖಮಾಡಿ ನಡೆಯುತ್ತೇನೆ. ಉಳಿದ ಹೆಚ್ಚಿನ ಕಲ್ಲುಗಳು ಬೆಳಕನ್ನು ಹೊರಮೈಯಲ್ಲೇ ತಡೆಯುತ್ತವೆ, ಅಗೇಟ್ ಒಳಗೆ ಬಿಟ್ಟುಕೊಳ್ಳುತ್ತದೆ. ಕಳೆದ ಬಾರಿ ಸಿಕ್ಕಿದ್ದು ಹುಣಸೆ ಬೀಜಕ್ಕಿಂತ ತುಸು ದೊಡ್ಡದು. ಎರಡು ಬೂದು ಕಲ್ಲುಗಳ ಸಂದಿಯಲ್ಲಿ ಅದರ ಒಂದು ಅಂಚು ಮಾತ್ರ ಕಾಣುತ್ತಿತ್ತು, ಒಳಗೆ ಯಾರೋ ಹಣತೆ ಹಚ್ಚಿಟ್ಟಂತೆ. ಎತ್ತಿ ಬೆರಳ ತುದಿಯಲ್ಲಿ ಸೂರ್ಯನಿಗೆ ಹಿಡಿದಾಗ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆಗಳು ಒಂದರೊಳಗೊಂದು ಸುತ್ತಿಕೊಂಡಿದ್ದವು. ಹದಿನೇಳರವರೆಗೆ ಎಣಿಸಿ ಲೆಕ್ಕ ತಪ್ಪಿತು.

ನೀರಿನ ವಿಷಯದಲ್ಲಿ ನಾನು ಮೋಸ ಹೋದದ್ದೂ ಉಂಟು. ಮೊದಲ ವರ್ಷ ಅಲೆ ಬಡಿಯುವ ಜಾಗದಿಂದ ಬಣ್ಣಬಣ್ಣದ ಕಲ್ಲುಗಳನ್ನು ಚೀಲ ತುಂಬಿಕೊಂಡು ಬಂದೆ, ಹೆಗಲು ಎರಡು ದಿನ ನೋವಾಯಿತು. ಬೆಳಗಾಗುವಷ್ಟರಲ್ಲಿ ಎಲ್ಲವೂ ಒಣಗಿ ಒಂದೇ ಬೂದು ಬಣ್ಣ. ಒದ್ದೆ ಕಲ್ಲನ್ನು ನಂಬಬಾರದು ಎಂದು ಆಗ ತೀರ್ಮಾನಿಸಿದೆ. ಆದರೆ ಮಿಶಿಗನ್ ಸರೋವರದ ದಂಡೆಯಲ್ಲಿ ಸಿಗುವ ಪೆಟೋಸ್ಕಿ ಕಲ್ಲು ಆ ತೀರ್ಮಾನವನ್ನು ತಲೆಕೆಳಗು ಮಾಡಿತು. ಒಣಗಿದಾಗ ಅದು ಹತ್ತರಲ್ಲಿ ಹನ್ನೊಂದನೆಯ ಸುಣ್ಣದ ಕಲ್ಲು, ಯಾರೂ ತಿರುಗಿ ನೋಡುವುದಿಲ್ಲ. ನೀರು ಚಿಮುಕಿಸಿದರೆ ಜೇನುಗೂಡಿನಂತೆ ಆರು ಮೂಲೆಯ ಮನೆಗಳು ಮೂಡುತ್ತವೆ. ಸುಮಾರು 38 ಕೋಟಿ ವರ್ಷಗಳ ಹಿಂದೆ ಬೆಚ್ಚಗಿನ ಸಮುದ್ರದಲ್ಲಿದ್ದ ಹವಳದ ಪಳೆಯುಳಿಕೆ ಅದು. ಒಂದೊಂದು ಮನೆಯೂ ಒಂದೊಂದು ಜೀವಿಯದು, ನಡುವಿನ ಕಪ್ಪು ಚುಕ್ಕೆ ಅದರ ಬಾಯಿ ಇದ್ದ ಜಾಗ. ಮಿಶಿಗನ್ ರಾಜ್ಯ 1965ರಲ್ಲಿ ಅದನ್ನು ತನ್ನ ರಾಜ್ಯ ಶಿಲೆಯೆಂದು ಘೋಷಿಸಿತು. ಸುಣ್ಣದ ಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್ ಆದ್ದರಿಂದ ಮೃದು, ಮರಳುಕಾಗದದಿಂದ ಕೈಯಲ್ಲೇ ಉಜ್ಜಿ ಹೊಳಪು ತರಿಸಬಹುದು. ಅಗೇಟನ್ನು ಹಾಗೆ ಉಜ್ಜಲು ಹೊರಟರೆ ಕಾಗದ ಸವೆಯುತ್ತದೆಯೇ ಹೊರತು ಕಲ್ಲಲ್ಲ.

ಕಣ್ಣಿಗೆ ಅನುಮಾನ ಬಂದಾಗ ಕೈ ಕೆಲಸ ಮಾಡಬೇಕು. 1812ರಲ್ಲಿ ಜರ್ಮನ್ ಖನಿಜತಜ್ಞ ಫ್ರೀಡ್ರಿಷ್ ಮೋಸ್ ರೂಪಿಸಿದ ಗಡಸುತನದ ಅಳತೆಯಲ್ಲಿ ಹೆಚ್ಚು ಅಂಕದ್ದು ಕಡಿಮೆ ಅಂಕದ್ದನ್ನು ಗೀರುತ್ತದೆ: ಉಗುರು ಸುಮಾರು 2.5, ಕ್ಯಾಲ್ಸೈಟ್ 3, ಚಾಕುವಿನ ಉಕ್ಕು 5.5ರ ಆಸುಪಾಸು, ಬೆಣಚುಕಲ್ಲು 7. ಚಾಕುವಿನಿಂದ ಗೀರಿದರೆ ಬೆಣಚು ಯಾವುದು, ಕ್ಯಾಲ್ಸೈಟ್ ಯಾವುದು ಎಂಬ ಜಗಳ ಅಲ್ಲಿಗೆ ಮುಗಿಯುತ್ತದೆ. ಇನ್ನೊಂದು ಒರೆ. ಟೈಲ್ಸ್‌ನ ಹಿಂಬದಿಯ ಹೊಳಪಿಲ್ಲದ ಮೈಗೆ ಕಲ್ಲನ್ನು ಉಜ್ಜಿ ನೋಡಿ. ಚಿನ್ನದಂತೆ ಹೊಳೆಯುವ ಪೈರೈಟ್ ಹಸಿರುಗಪ್ಪು ಗೆರೆ ಎಳೆಯುತ್ತದೆ, ನಿಜವಾದ ಚಿನ್ನ ಹಳದಿ ಗೆರೆ. ಉಕ್ಕಿನಂತೆ ಕಪ್ಪಗೆ ಬೀಗುವ ಹೆಮಟೈಟ್ ಎಂಬ ಕಬ್ಬಿಣದ ಅದಿರು ಅಪ್ಪಟ ಕಾವಿ ಬಣ್ಣ ಬಿಡುತ್ತದೆ. ನನಗೆ ಈ ಪರೀಕ್ಷೆಯೇ ಎಲ್ಲಕ್ಕಿಂತ ಇಷ್ಟ, ಇಲ್ಲಿ ಯಾವ ವೇಷವೂ ನಡೆಯುವುದಿಲ್ಲ.

ಗಣಿಯ ಬಳಿ ಲೆಕ್ಕಾಚಾರವೇ ಬೇರೆ. ಅಲ್ಲಿ ಹುಡುಕುವುದು ಗಣಿಯೊಳಗಲ್ಲ, ಹೊರಗೆ ಸುರಿದ ತ್ಯಾಜ್ಯದ ದಿಬ್ಬಗಳಲ್ಲಿ. ಸುಪೀರಿಯರ್‌ಗೆ ಚಾಚಿಕೊಂಡಿರುವ ಕೀವಿನಾ ಪರ್ಯಾಯದ್ವೀಪದಲ್ಲಿ 1840ರ ದಶಕದಿಂದ ತಾಮ್ರ ತೆಗೆದರು. ಅದಿರಿನಿಂದ ಕರಗಿಸಿ ತೆಗೆಯುವ ತಾಮ್ರವಲ್ಲ, ಬಂಡೆಯ ಸಂದಿಯಲ್ಲೇ ಲೋಹವಾಗಿ ಕುಳಿತ ತಾಮ್ರ. ಅವರು ಬೇಡವೆಂದು ಎಸೆದ ಕಲ್ಲುಗಳಲ್ಲಿ ಇಂದಿಗೂ ಅದರ ಚೂರುಗಳು ಸಿಗುತ್ತವೆ. ಇಲ್ಲಿ ಕಣ್ಣಿಗಿಂತ ಅಂಗೈ ಜಾಣ. ಗಾತ್ರಕ್ಕೆ ಮೀರಿದ ಭಾರವಿದ್ದರೆ ಗೀರಿ ನೋಡುತ್ತೇನೆ, ಹಸಿರು ಕಿಲುಬಿನ ಕೆಳಗಿನಿಂದ ಕೆಂಪು ಮಿನುಗುತ್ತದೆ. ಸುತ್ತಿಗೆಯಿಂದ ಬಡಿದರೆ ಬಂಡೆ ಒಡೆಯುತ್ತದೆ, ತಾಮ್ರ ಬಾಗುತ್ತದೆ. ಬಡಿಯುವಾಗ ಕಣ್ಣಿಗೆ ಕನ್ನಡಕ ಬೇಕೇ ಬೇಕು. ಬಡಗಿಯ ಸುತ್ತಿಗೆ ಬೇಡ, ಅದರ ಉಕ್ಕೇ ಚಕ್ಕೆಯಾಗಿ ಸಿಡಿಯಬಹುದು. ಹಳೆಯ ಸುರಂಗದೊಳಗೆ ಹೋಗೋಣವೇ ಎಂದು ಕೇಳುವವರ ಜೊತೆ ನಾನು ಎರಡನೇ ಸಲ ಹೋಗುವುದಿಲ್ಲ. ಕೊಳೆತ ಮರದ ಆಧಾರಗಳು, ಉಸಿರಾಡಲು ಯೋಗ್ಯವಲ್ಲದ ಗಾಳಿ ಎರಡೂ ಮುನ್ಸೂಚನೆ ಕೊಡುವುದಿಲ್ಲ.

ಕಂಡದ್ದೆಲ್ಲ ನಮ್ಮದೂ ಅಲ್ಲ. ಗಣಿಯ ಜಾಗಕ್ಕೆ ಒಡೆಯರ ಅನುಮತಿ ಬೇಕು. ಮಿಶಿಗನ್ ರಾಜ್ಯದ ಜಮೀನಿನಲ್ಲಿ ಒಬ್ಬರು ವರ್ಷಕ್ಕೆ 25 ಪೌಂಡ್, ಅಂದರೆ ಸುಮಾರು 11 ಕಿಲೋ ಮಾತ್ರ ಒಯ್ಯಬಹುದು. 2015ರಲ್ಲಿ ಒಬ್ಬರು ಮಿಶಿಗನ್ ಸರೋವರದಿಂದ 93 ಪೌಂಡ್ ತೂಕದ ಪೆಟೋಸ್ಕಿ ಕಲ್ಲನ್ನು ಎತ್ತಿ ತಂದರು. ಸುದ್ದಿ ಹಬ್ಬಿತು, ಸುದ್ದಿಯ ಹಿಂದೆಯೇ ಅಧಿಕಾರಿಗಳು ಬಂದು ಕಲ್ಲನ್ನು ವಶಪಡಿಸಿಕೊಂಡರು. ಸುಪೀರಿಯರ್ ತೀರದ ಪಿಕ್ಚರ್ಡ್ ರಾಕ್ಸ್ ರಾಷ್ಟ್ರೀಯ ದಂಡೆಯಲ್ಲಂತೂ ಒಂದು ಹರಳನ್ನೂ ಜೇಬಿಗಿಳಿಸುವಂತಿಲ್ಲ.

ಎತ್ತಿಕೊಂಡ ಕಲ್ಲಿನ ಜೊತೆ ಅಲ್ಲಿಯೇ ಒಂದು ಚೀಟಿ ಬರೆದು ಹಾಕಿ, ಎಲ್ಲಿ ಸಿಕ್ಕಿತು, ಯಾವ ದಿನ ಎಂದು. ಮೊದಲ ವರ್ಷ ನಾನು ಬರೆಯಲಿಲ್ಲ, ನೆನಪಿರುತ್ತದೆ ಎಂದುಕೊಂಡಿದ್ದೆ. ಆ ವರ್ಷದ ಡಬ್ಬಿಯಲ್ಲಿ ಒಂದು ಸುಣ್ಣದ ಕಲ್ಲಿದೆ, ಅದರ ಮೈಮೇಲೆ ಬೆರಳುದ್ದದ ಜೀವಿಯೊಂದರ ಅಚ್ಚು. ಬಲ್ಲವರಿಗೆ ತೋರಿಸಿದಾಗಲೆಲ್ಲ ಅವರು ಮೊದಲು ಕೇಳುವುದು ಯಾವ ದಂಡೆಯದು ಎಂದು. ನಾನು ಕಲ್ಲನ್ನು ವಾಪಸ್ ಡಬ್ಬಿಗೆ ಹಾಕುತ್ತೇನೆ.