ಆಟ್ಟುಕಾಲಮ್ಮನ ಬೀದಿಯಲ್ಲಿ ನಮ್ಮಮ್ಮನ ಮಡಿಕೆ

ಮಳವಳ್ಳಿ ಕಡೆಯ ನಮ್ಮೂರಿನ ಮಾರಿಹಬ್ಬಕ್ಕೆ ಮನೆಯಲ್ಲಿ ತಂಬಿಟ್ಟು ಮಾಡುತ್ತಿದ್ದವಳು ಅಮ್ಮ. ಅಕ್ಕಿ ನೆನೆಹಾಕಿ, ಬಟ್ಟೆ ಮೇಲೆ ಆರಿಸಿ, ಕುಟ್ಟಿ, ಜರಡಿ ಹಿಡಿದು, ಬೆಲ್ಲ ಕಲೆಸಿ, ಮುದ್ದೆ ಕಟ್ಟಿ, ನಡುವೆ ಗುಳಿ ಮಾಡಿ ತುಪ್ಪದ ಬತ್ತಿ ಇಡುವವರೆಗೂ ಎಲ್ಲ ಅವಳ ಕೈಯದೇ. ಹೊಂಬಾಳೆ ಸಿಕ್ಕಿಸುವುದೂ ಅವಳೇ. ಆದರೆ ಅಪ್ಪ ತೀರಿಕೊಂಡ ಮೇಲೆ ಆ ಆರತಿಯನ್ನು ತಲೆ ಮೇಲೆ ಹೊತ್ತು ಮಾರಮ್ಮನ ಗುಡಿಗೆ ಹೋಗುತ್ತಿದ್ದವಳು ಚಿಕ್ಕಮ್ಮ. ಅಮ್ಮ ಬಾಗಿಲ ಹತ್ತಿರ ನಿಂತು, ತಮಟೆ ಸದ್ದು ದೂರ ಆಗುವವರೆಗೂ ಕೇಳಿಸಿಕೊಂಡು, ಒಳಗೆ ಬಂದು ಒಲೆ ಮುಂದೆ ಕೂರುತ್ತಿದ್ದಳು. ಬೇಡ ಅಂತ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೊರು ಅಂತಲೂ ಹೇಳಿರಲಿಲ್ಲ.

ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು. ನಾನು ಓದಿದವಳು, ಬೆಂಗಳೂರಿನಲ್ಲಿ ಕೆಲಸಕ್ಕಿರುವವಳು. ನಾನೂ ಒಂದು ಸಲವೂ ಕೇಳಲಿಲ್ಲ. ಆ ನೋವು ನನಗೆ ಈಗಲೂ ಇದೆ.

ತಿರುವನಂತಪುರದ ಆಟ್ಟುಕಾಲ್ ದೇವಿಯ ಪೊಂಗಾಲ ಹಬ್ಬದ ಸುದ್ದಿ ನಮಗೆ ಗೊತ್ತಾಗಿದ್ದು ನಮ್ಮ ಕಟ್ಟಡದ ತಾರಸಿ ಮೇಲೆ. 2022ರ ಫೆಬ್ರವರಿ. ಪಕ್ಕದ ಮನೆಯ ಚೇಚಿ (ಮಲಯಾಳದಲ್ಲಿ ಅಕ್ಕ) ಬೆಳಿಗ್ಗೆ ಬೆಳಿಗ್ಗೆಯೇ ತಾರಸಿಯಲ್ಲಿ ಮೂರು ಇಟ್ಟಿಗೆ ಇಟ್ಟು, ಹೊಸ ಮಣ್ಣಿನ ಮಡಿಕೆಯಲ್ಲಿ ಅಕ್ಕಿ ಬೇಯಿಸುತ್ತಿದ್ದರು. ಅಮ್ಮ ಬಟ್ಟೆ ಒಣಗಿಸಲು ಹೋದವಳು ಅಲ್ಲೇ ಕೂತುಬಿಟ್ಟಳು. ಚೇಚಿ ತಿರುವನಂತಪುರದವರು. ಪ್ರತಿ ವರ್ಷ ಊರಿಗೆ ಹೋಗಿ ದೇವಿಗೆ ಪೊಂಗಾಲ ಇಡುವುದು ಅವರ ಹರಕೆ. ಕೊರೊನಾ ಅಂತ 2021 ಮತ್ತು 2022ರಲ್ಲಿ ಬೀದಿಯಲ್ಲಿ ಒಲೆ ಹೂಡಲು ಬಿಡಲಿಲ್ಲ, ಎಲ್ಲರೂ ಅವರವರ ಮನೆಯಲ್ಲೇ ಇಟ್ಟರು. ಅದಕ್ಕೇ ಈ ತಾರಸಿ.

"ಇದಕ್ಕೆ ಯಾರ್ ಯಾರು ಕೂರಬೋದು?" ಅಂತ ಅಮ್ಮ ಕೇಳಿದಳಂತೆ.

"ಹೆಂಗಸರೆಲ್ಲರೂ" ಅಂದರಂತೆ ಚೇಚಿ.

ಅಮ್ಮ ಮತ್ತೆ ಕೇಳಿದಳಂತೆ, "ಎಲ್ಲರೂ ಅಂದ್ರೆ?"

ಚೇಚಿಗೆ ಆ ಪ್ರಶ್ನೆಯ ಒಳಗೆ ಏನಿದೆ ಅಂತ ಅರ್ಥವಾಯಿತು. ಅವರು ಉತ್ತರ ಹೇಳಲಿಲ್ಲ, ಕಥೆ ಹೇಳಿದರು.

ಕಣ್ಣಗಿಯ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಬಡತನಕ್ಕೆ ಬಿದ್ದ ಗಂಡ ಕೋವಲನ್, ಹೆಂಡತಿಯ ಕಾಲಂದುಗೆ ಮಾರಲು ಮದುರೆಗೆ ಹೋಗುತ್ತಾನೆ. ಅದು ರಾಣಿಯ ಕಳುವಾದ ಅಂದುಗೆಯೇ ಅಂತ ಆರೋಪ ಬರುತ್ತದೆ. ಪಾಂಡ್ಯರಾಜ ಸರಿಯಾಗಿ ವಿಚಾರಿಸದೆ ಅವನನ್ನು ಕೊಲ್ಲಿಸುತ್ತಾನೆ. ಕಣ್ಣಗಿ ಇನ್ನೊಂದು ಅಂದುಗೆ ಹಿಡಿದು ನೇರ ಅರಮನೆಗೆ ಹೋಗುತ್ತಾಳೆ. ರಾಣಿಯ ಅಂದುಗೆಯ ಒಳಗಿದ್ದದ್ದು ಮುತ್ತು. ಕಣ್ಣಗಿ ತನ್ನದನ್ನು ಒಡೆದರೆ ಮಾಣಿಕ್ಯ ಸಿಡಿಯುತ್ತದೆ. ತಪ್ಪು ತಿಳಿದ ರಾಜ ಅಲ್ಲೇ ಪ್ರಾಣ ಬಿಡುತ್ತಾನೆ. ಅವಳ ಸಂಕಟದ ಬೆಂಕಿಗೆ ಮದುರೆ ಸುಡುತ್ತದೆ. ಹಾಗೆ ಹೊರಟ ಕಣ್ಣಗಿ ಕನ್ಯಾಕುಮಾರಿ ದಾಟಿ ಕೇರಳಕ್ಕೆ ಬಂದಳು, ಕೊಡುಂಗಲ್ಲೂರಿಗೆ ಹೋಗುವ ದಾರಿಯಲ್ಲಿ ಕಿಳ್ಳಿ ಹೊಳೆಯ ಹತ್ತಿರ ಆಟ್ಟುಕಾಲ್‌ನಲ್ಲಿ ತಂಗಿದಳು ಅನ್ನುವುದು ಅಲ್ಲಿನವರ ನಂಬಿಕೆ. ದಣಿದು, ಸಿಟ್ಟು ಆರದೆ ಬಂದ ಮಗಳನ್ನು ಕಂಡು ಊರ ಹೆಂಗಸರು ಏನು ಮಾಡಿದರು? ಒಲೆ ಹೂಡಿ, ಅಕ್ಕಿ ಬೆಲ್ಲ ಬೇಯಿಸಿ ಬಡಿಸಿದರು. ಅದೇ ಪೊಂಗಾಲ.

ಅಮ್ಮ ಆ ರಾತ್ರಿ ಊಟ ಮಾಡುತ್ತಾ ನನ್ನ ಹತ್ತಿರ ಒಂದೇ ಮಾತು ಹೇಳಿದಳು. "ಹಂಗಾದ್ರೆ ಆಯಮ್ಮನೂ ಗಂಡನ್ನ ಕಳ್ಕೊಂಡೋಳೇ ಅಲ್ವೇನೇ?"

ಮುಂದಿನ ವರ್ಷ ಪೊಂಗಾಲ ಮತ್ತೆ ಬೀದಿಗೆ ಬಂತು. 2023ರ ಮಾರ್ಚ್ 7. ನಾವು ಮೂವರೂ ಹೊರಟೆವು. ಬೆಂಗಳೂರಿನಿಂದ ಕನ್ಯಾಕುಮಾರಿ ರೈಲು ರಾತ್ರಿ ಹತ್ತಿದರೆ ಮರುದಿನ ಮಧ್ಯಾಹ್ನ ತಿರುವನಂತಪುರ. ದಾರಿಯುದ್ದಕ್ಕೂ ಅಮ್ಮ ತನ್ನ ಚೀಲ ಬಿಚ್ಚಿ ಬಿಚ್ಚಿ ನೋಡುತ್ತಿದ್ದಳು. ಅದರಲ್ಲಿ ನಮ್ಮ ಗದ್ದೆಯ ಒಂದು ಸೇರು ಅಕ್ಕಿ, ಮಂಡ್ಯದ ಅಚ್ಚುಬೆಲ್ಲ, ಮನೆಯಲ್ಲಿ ಕಾಯಿಸಿದ ತುಪ್ಪ. ಚೇಚಿ, ಅಲ್ಲೂ ಎಲ್ಲ ಸಿಗುತ್ತೆ ಅಂದರೂ ಕೇಳಲಿಲ್ಲ.

ಹಬ್ಬ ಹತ್ತು ದಿನದ್ದು. ಕುಂಭ ಮಾಸದಲ್ಲಿ ಕೃತ್ತಿಕೆಯ ದಿನ ದೇವಿಗೆ ಕಾಪ್ಪು, ಅಂದರೆ ಕಂಕಣ, ಕಟ್ಟಿ ಶುರುವಾಗುತ್ತದೆ. ಅಂದಿನಿಂದ ಗುಡಿಯ ಮುಂದೆ ತೋಟ್ಟಂ ಪಾಟ್ಟು ಹಾಡುತ್ತಾರೆ. ದಿನಕ್ಕೊಂದು ಭಾಗದಂತೆ ಕಣ್ಣಗಿಯ ಕಥೆಯೇ ಅದರಲ್ಲಿ ಬರುತ್ತದೆ. ಪಾಂಡ್ಯರಾಜನ ಸಾವಿನ ಭಾಗಕ್ಕೆ ಹಾಡು ಬರುವುದು ಒಂಬತ್ತನೆಯ ದಿನ. ಹಾಡು ಅಲ್ಲಿಗೆ ಮುಟ್ಟಿದಾಗಲೇ ಒಲೆಗೆ ಬೆಂಕಿ. ನ್ಯಾಯ ಸಿಕ್ಕ ಮೇಲೆ ಅಡುಗೆ. ಈ ಕ್ರಮವನ್ನು ಯಾರು ಹೂಡಿದರೋ, ಅವರಿಗೆ ಹೆಣ್ಣಿನ ಮನಸ್ಸು ಗೊತ್ತಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ಚೇಚಿಯ ಅಕ್ಕನ ಮನೆ ಮಣಕ್ಕಾಡಿನಲ್ಲಿ. ಗುಡಿಗೆ ತೀರಾ ದೂರವಿಲ್ಲ. ಹಿಂದಿನ ದಿನ ಸಂಜೆಯೇ ಬೀದಿಯ ಎರಡೂ ಬದಿ ಇಟ್ಟಿಗೆಯ ಸಾಲು ಎದ್ದಿತ್ತು. ಮೂರು ಮೂರು ಇಟ್ಟಿಗೆ, ಪಕ್ಕದಲ್ಲಿ ಮಡಿಕೆ, ಒಣ ತೆಂಗಿನ ಗರಿ, ಚಿಪ್ಪು. ಜಾಗ ಹಿಡಿದು ರಾತ್ರಿಯಿಡೀ ಅಲ್ಲೇ ಮಲಗಿದವರು ಎಷ್ಟೋ ಜನ. ಕಿಳಕ್ಕೇಕೋಟ್ಟ, ತಂಪಾನೂರು ಅಂತ ಊರಿನ ಕಿಲೋಮೀಟರುಗಟ್ಟಲೆ ರಸ್ತೆ ಅವತ್ತು ಹೆಂಗಸರ ಅಡುಗೆಮನೆ. 1997ರಲ್ಲಿ 15 ಲಕ್ಷ, 2009ರಲ್ಲಿ 25 ಲಕ್ಷ ಹೆಂಗಸರು ಸೇರಿದ್ದರೆಂದು ಗಿನ್ನೆಸ್ ದಾಖಲೆಯಲ್ಲಿ ಬರೆದಿದ್ದಾರೆ. ನನ್ನ ಕಣ್ಣಿಗೆ ಕಂಡಿದ್ದು ಒಂದು ಬೀದಿ ಮಾತ್ರ. ಆ ಬೀದಿಯ ಕೊನೆಯೇ ಕಾಣಿಸುತ್ತಿರಲಿಲ್ಲ.

ಬೆಳಿಗ್ಗೆ ಅಮ್ಮ ಸ್ನಾನ ಮಾಡಿ, ಚೇಚಿ ಕೊಟ್ಟ ಜರಿ ಅಂಚಿನ ಬಿಳಿ ಸೀರೆ ಉಟ್ಟಳು. ಕನ್ನಡಿ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತಳು. ನಮ್ಮೂರಿನಲ್ಲಿ ಬಿಳಿ ಸೀರೆಗೆ ಒಂದೇ ಅರ್ಥ. ಇಲ್ಲಿ ಕನ್ಯೆಯರು, ಮದುವೆಯಾದವರು, ಅಜ್ಜಿಯರು ಎಲ್ಲರೂ ಬಿಳಿಯೇ. ಹೊರಗೆ ಬಂದಾಗ ಅವಳು ಲಕ್ಷಗಟ್ಟಲೆ ಬಿಳಿ ಸೀರೆಗಳ ನಡುವೆ ಒಂದು ಬಿಳಿ ಸೀರೆ, ಅಷ್ಟೇ.

ನಮ್ಮ ಎಡಗಡೆ ಕೊಲ್ಲಂ ಕಡೆಯ ಮೀನು ಮಾರುವ ಹೆಂಗಸು. ಬಲಗಡೆ ಯಾವುದೋ ಕಾಲೇಜಿನಲ್ಲಿ ಪಾಠ ಹೇಳುವವರು. ಎದುರಿಗೆ ತಾಯಿ, ಮಗಳು, ಮೊಮ್ಮಗಳು ಮೂರು ಒಲೆ ಹೂಡಿದ್ದರು. ಯಾರೂ ಯಾರ ಜಾತಿ ಕೇಳಲಿಲ್ಲ. ಅಮ್ಮನ ಬರಿ ಕತ್ತನ್ನು ಯಾರೂ ನೋಡಲಿಲ್ಲ. ಗಾಳಿಗೆ ಅಡ್ಡ ಆಗಲಿ ಅಂತ ಆ ಮೀನಿನ ಹೆಂಗಸು ತಾನಾಗೇ ಬಂದು ಅಮ್ಮನ ಇಟ್ಟಿಗೆ ತಿರುಗಿಸಿ ಇಟ್ಟಳು.

ಹತ್ತೂವರೆ ಹೊತ್ತಿಗೆ ಮೈಕಿನಲ್ಲಿ ಚೆಂಡೆ ಸದ್ದು, ಹಿಂದೆಯೇ ಕದಿನ ಅನ್ನುವ ಸಿಡಿಮದ್ದಿನ ಸಿಡಿತ. ಗರ್ಭಗುಡಿಯ ದೀಪದಿಂದ ತಂತ್ರಿಗಳು ಬೆಂಕಿ ತೆಗೆದು ಮೇಲ್ಶಾಂತಿಗೆ, ಅಂದರೆ ಮುಖ್ಯ ಪೂಜಾರಿಗೆ, ಕೊಡುತ್ತಾರೆ. ಅದರಿಂದ ಮೊದಲು ಗುಡಿಯ ಅಡುಗೆಮನೆಯ ಒಲೆ, ಆಮೇಲೆ ಗುಡಿ ಮುಂದಿನ ಪಂಡಾರ ಅಡುಪ್ಪು ಹೊತ್ತಿಸುತ್ತಾರೆ. ಅಡುಪ್ಪು ಅಂದರೆ ಒಲೆ. ಅಲ್ಲಿಂದ ಆಚೆಗೆ ಬೆಂಕಿ ಹೆಂಗಸರ ಕೈಗೆ. ಒಬ್ಬಳು ತನ್ನ ಒಲೆಯಿಂದ ಒಂದು ಗರಿ ಹೊತ್ತಿಸಿ ಪಕ್ಕದವಳಿಗೆ ಕೊಡುತ್ತಾಳೆ, ಅವಳು ಮುಂದಿನವಳಿಗೆ. ಬೀದಿಯ ತುದಿಯಲ್ಲಿ ಮೊದಲು ಕುರವದ ದನಿ ಕೇಳಿತು. ನಾಲಿಗೆ ಆಡಿಸಿ ಹೆಂಗಸರು ಹಾಕುವ ಆ ಮಂಗಳದ ಕೂಗು. ಆಮೇಲೆ ಹೊಗೆ ಹತ್ತಿರ ಹತ್ತಿರ ಬಂತು.

ಮೀನಿನ ಹೆಂಗಸು ಉರಿಯುವ ಗರಿ ಚಾಚಿದಳು. ಅಮ್ಮ ನನ್ನ ಮುಖ ನೋಡಿದಳು. ಹಿಡ್ಕೊಳ್ಳಲಾ ಅನ್ನುವ ಹಾಗೆ. ನನಗೆ ಮಾತೇ ಬರಲಿಲ್ಲ. "ವಾಂಗಮ್ಮಾ" ಅಂತ ಆ ಹೆಂಗಸು ಗರಿಯನ್ನು ಅಮ್ಮನ ಕೈಗೇ ಇಟ್ಟಳು. ಅಮ್ಮ ಒಲೆ ಹಚ್ಚಿದಳು. ಆಮೇಲೆ ತಿರುಗಿ, ಕಾಲೇಜಿನವರ ಒಲೆಗೆ ತಾನೇ ಬೆಂಕಿ ಕೊಟ್ಟಳು.

ನಮ್ಮಲ್ಲಿ ದೇವರ ಅಡುಗೆ ಅಂದರೆ ದೊಡ್ಡ ಗೌರವ ಇದೆ, ದೊಡ್ಡ ದೂರವೂ ಇದೆ. ಪುರಿಯಲ್ಲಿ ಜಗನ್ನಾಥನಿಗೆ ಮಣ್ಣಿನ ಮಡಿಕೆಗಳನ್ನು ಒಂದರ ಮೇಲೊಂದು ಇಟ್ಟು ಬೇಯಿಸುತ್ತಾರೆ. ಆ ಮಹಾಪ್ರಸಾದವನ್ನು ಆನಂದ ಬಜಾರಿನಲ್ಲಿ ಜಾತಿ ನೋಡದೆ ಒಟ್ಟಿಗೆ ಕೂತು ತಿನ್ನುತ್ತಾರೆ. ಅದನ್ನು ತಿಂದು ನಾನು ಕಣ್ಣೀರು ಹಾಕಿದ್ದೇನೆ. ಆದರೆ ಅಲ್ಲಿ ಸೌಟು ಹಿಡಿಯುವವರು ಸುಆರರು, ಗಂಡಸರು. ಅಲ್ಲಿ ನಾವು ಕೈ ಚಾಚುವವರು. ಆಟ್ಟುಕಾಲ್‌ನಲ್ಲಿ ಕೈ ಚಾಚುವವಳು ದೇವಿ. ನೀನು ಏನು ಬೇಯಿಸಿದ್ದೀಯ, ತಾ, ಅನ್ನುತ್ತಾಳೆ. ಇದು ನನ್ನ ಭಾವನೆ. ಗುಡಿಯವರು ಹೇಳಿದ ಮಾತಲ್ಲ.

ಅಡುಗೆ ಅಂಥ ದೊಡ್ಡದೇನಲ್ಲ. ನೀರು ಕುದಿ ಬಂದ ಮೇಲೆ ಅಕ್ಕಿ. ಅದು ಉಕ್ಕಬೇಕು. ಗೃಹಪ್ರವೇಶದಲ್ಲಿ ನಾವು ಹಾಲು ಉಕ್ಕಿಸುತ್ತೇವಲ್ಲ, ಹಾಗೆಯೇ. ಪೂರ್ವದ ಕಡೆ ಉಕ್ಕಿ ಚೆಲ್ಲಿದರೆ ತುಂಬಾ ಒಳ್ಳೆಯದು ಅಂತಾರೆ. ಅಮ್ಮನ ಮಡಿಕೆ ಎಲ್ಲ ಕಡೆಗೂ ಚೆಲ್ಲಿತು. ಅಕ್ಕಿ ಸ್ವಲ್ಪ ಜಾಸ್ತಿಯೇ ಹಾಕಿದ್ದಳು. ಸುತ್ತ ಇದ್ದವರೆಲ್ಲ ಕುರವ ಹಾಕಿದರು. ಅಕ್ಕಿ ಬೆಂದ ಮೇಲೆ ಬೆಲ್ಲ, ತೆಂಗಿನ ತುರಿ, ಬಾಳೆಹಣ್ಣು, ತುಪ್ಪ, ಏಲಕ್ಕಿ. ಹೊಗೆಗೆ ಎಲ್ಲರ ಕಣ್ಣಲ್ಲೂ ನೀರು. ಅಮ್ಮನ ಕಣ್ಣಲ್ಲಿ ಇದ್ದದ್ದು ಹೊಗೆಯ ನೀರೋ ಬೇರೆಯೋ, ನಾನು ಕೇಳಲಿಲ್ಲ. ಬಿಸಿಲು ತಲೆ ಸುಡುತ್ತಿತ್ತು. ಮಣಕ್ಕಾಡಿನ ಮಸೀದಿಯ ಕಡೆಯವರೂ ಪೊಂಗಾಲಕ್ಕೆ ಬಂದವರಿಗೆ ಅನುಕೂಲ ಮಾಡಿಕೊಡುತ್ತಾರೆ ಅಂತ ಚೇಚಿ ಹೇಳಿದ್ದರು. ಬೀದಿಯ ಮನೆಗಳೆಲ್ಲ ಬಾಗಿಲು ತೆರೆದಿದ್ದವು. ಗುರುತಿಲ್ಲದವರ ಮನೆಯ ಬಚ್ಚಲಿಗೆ ಹೋಗಿ ಬಂದೆವು, ಅವರು ಮಜ್ಜಿಗೆ ಕೊಟ್ಟು ಕಳಿಸಿದರು.

ಎದುರಿನ ಅಜ್ಜಿ ಮಾಡುತ್ತಿದ್ದದ್ದು ತೆರಳಿ. ಅಕ್ಕಿಹಿಟ್ಟು, ಬೆಲ್ಲ, ಬಾಳೆಹಣ್ಣು ಕಲೆಸಿ, ದಾಲ್ಚಿನ್ನಿ ಜಾತಿಯ ಮರದ ಎಲೆಯನ್ನು ಸೊಟ್ಟೆಯ ಹಾಗೆ ಸುತ್ತಿ, ಅದರೊಳಗೆ ತುಂಬಿ ಹಬೆಯಲ್ಲಿ ಬೇಯಿಸುವುದು. ನಮ್ಮ ಕರಾವಳಿಯ ಅರಿಶಿನ ಎಲೆ ಕಡುಬಿನ ತಂಗಿ ಅನ್ನಬಹುದು. ಮೊಮ್ಮಗಳ ಒಲೆಯಲ್ಲಿ ಮಂಡಪುಟ್ಟು. ಹೆಸರುಕಾಳಿನ ಹಿಟ್ಟು, ಅಕ್ಕಿಹಿಟ್ಟು, ಬೆಲ್ಲ ಸೇರಿಸಿ ತಲೆಯ ಆಕಾರಕ್ಕೆ ಉಂಡೆ ಕಟ್ಟುತ್ತಾರೆ. ತಲೆನೋವು, ತಲೆಯ ಕಾಯಿಲೆ ಹೋಗಲಿ ಅಂತ ಹೊರುವ ಹರಕೆ ಅದು. ಮಂಡ ಅಂದರೆ ನಮ್ಮ ಮಂಡೆಯೇ ಅಂತ ಅಮ್ಮನಿಗೆ ತಟ್ಟನೆ ಹೊಳೆಯಿತು. ಆ ಹುಡುಗಿಯ ತಲೆ ಸವರಿ, "ಯಾರಿಗೆ ಮಗಾ ತಲೆನೋವು?" ಅಂತ ಕನ್ನಡದಲ್ಲೇ ಕೇಳಿದಳು. ಹುಡುಗಿ ತನ್ನ ತಾಯಿಯನ್ನು ತೋರಿಸಿದಳು. ಭಾಷೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಅಮ್ಮ ಎದ್ದು ಹೋಗಿ, ಆಕೆಯ ಒಲೆಯ ಉರಿ ಸರಿ ಮಾಡಿ ಬಂದಳು.

ಅಡುಗೆ ಮುಗಿದ ಮೇಲೆ ಕಾಯುವುದು. ಮಡಿಕೆಗೆ ಬಾಳೆಲೆ ಮುಚ್ಚಿ ಎಲ್ಲರೂ ಸುಮ್ಮನೆ ಕೂತರು. "ಅಮ್ಮೇ ನಾರಾಯಣಾ, ದೇವೀ ನಾರಾಯಣಾ" ಅಂತ ಅಲ್ಲಲ್ಲಿ ಮೆಲ್ಲಗೆ ಜಪ. ಅಷ್ಟು ಜನರ ಬೀದಿಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಬೇರೆಲ್ಲೂ ಕೇಳಿಲ್ಲ. ಎರಡೂವರೆಗೆ ನಿವೇದ್ಯ. ಅಷ್ಟೊಂದು ಒಲೆಗೆ ಒಬ್ಬರು ಸಾಲದು, ನೂರಾರು ಪೂಜಾರಿಗಳು ಬೀದಿ ಬೀದಿಗೆ ಹರಡಿಕೊಳ್ಳುತ್ತಾರೆ. ನಮ್ಮ ಬೀದಿಗೆ ಬಂದವರು ಇನ್ನೂ ಹುಡುಗ. ಬೆವರು ಸುರಿಯುತ್ತಿತ್ತು. ಹೆಚ್ಚುಕಮ್ಮಿ ಓಡುತ್ತಲೇ, ಒಂದೊಂದು ಮಡಿಕೆಗೂ ತೀರ್ಥ ಚಿಮುಕಿಸುತ್ತಾ ಹೋದರು. ಅಮ್ಮನ ಮಡಿಕೆಯ ಮೇಲೂ ನಾಲ್ಕು ಹನಿ ಬಿತ್ತು. ಮುಂದಿನ ಮಡಿಕೆಗೆ ಬಿದ್ದಷ್ಟೇ. ಅವಳು ಎರಡೂ ಕೈ ಎತ್ತಿ ಮುಗಿದಳು. "ತಗೊಳ್ಳವ್ವ" ಅಂದಳು. ಅಷ್ಟೇ. ಮಂತ್ರ, ಹಾಡು ಏನೂ ಇಲ್ಲ. ಮನೆಗೆ ಬಂದ ಮಗಳಿಗೆ ತಟ್ಟೆ ಮುಂದಿಟ್ಟು ಹೇಳುವ ಮಾತು ಅದು.

ಅಲ್ಲಿಂದಾಚೆ ಬೀದಿ ಖಾಲಿಯಾದ ವೇಗ ನೋಡಬೇಕು. ಮಡಿಕೆ ಹೊತ್ತು ಎಲ್ಲರೂ ರೈಲು ಬಸ್ಸಿನ ಕಡೆ. ಇಟ್ಟಿಗೆಗಳನ್ನು ನಗರಪಾಲಿಕೆಯವರು ಒಟ್ಟು ಮಾಡಿ, ಮನೆ ಇಲ್ಲದ ಬಡವರಿಗೆ ಕಟ್ಟುವ ಮನೆಗಳಿಗೆ ಬಳಸುತ್ತಾರೆ. ಇದನ್ನು ಕೇಳಿದ ಮೇಲೆ ಅಮ್ಮ ತನ್ನ ಮೂರು ಇಟ್ಟಿಗೆಯನ್ನು ತಾನೇ ಎತ್ತಿ, ಬೂದಿ ಒರೆಸಿ, ಒಂದರ ಮೇಲೊಂದು ನೀಟಾಗಿ ಜೋಡಿಸಿ ರಸ್ತೆ ಬದಿ ಇಟ್ಟಳು. ರಾತ್ರಿ ನಾವು ಊಟಕ್ಕೆ ಹೊರಗೆ ಬಂದಾಗ ರಸ್ತೆ ತೊಳೆದು ಹಸನಾಗಿತ್ತು.

ಮರುದಿನ ರೈಲಿನಲ್ಲಿ ಅಮ್ಮ ಮಡಿಕೆಯನ್ನು ತೊಡೆ ಮೇಲೆ ಇಟ್ಟುಕೊಂಡೇ ಕೂತಳು. ಅಕ್ಕಪಕ್ಕದವರಿಗೆಲ್ಲ ಎಲೆಯ ಚೂರಿನಲ್ಲಿ ಒಂದೊಂದು ತುತ್ತು ಪಾಯಸ ಕೊಟ್ಟಳು. ತಳಕ್ಕೆ ಸ್ವಲ್ಪ ಹಿಡಿದಿತ್ತು, ಹೊಗೆಯ ವಾಸನೆ ಇತ್ತು. ಯಾರೂ ಬೇಡ ಅನ್ನಲಿಲ್ಲ. ಒಂದು ಪಾಲನ್ನು ಮಾತ್ರ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿದಳು. ಯಾರಿಗೆ ಅಂತ ಕೇಳಿದೆ.

"ನಿನ್ ಚಿಕ್ಕಮ್ಮಂಗೆ. ಇಷ್ಟು ವರ್ಷ ನನ್ ತಂಬಿಟ್ಟು ಹೊತ್ತವಳಲ್ವಾ" ಅಂದಳು.

ಪಾಲಕ್ಕಾಡು ದಾಟುವ ಹೊತ್ತಿಗೆ ಕತ್ತಲಾಗಿತ್ತು. ಅಮ್ಮನಿಗೆ ನಿದ್ದೆ ಬಂತು ಅಂದುಕೊಂಡೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಬರೋ ವರ್ಷ ಯಾವ ತಾರೀಕಿಗೆ ಬತ್ತದೆ, ಚೇಚಿನ ಕೇಳು. ಆ ಎಲೆ ಕಡುಬು ಕಲ್ತ್ಕೋಬೇಕು ನಾನು."